ಬದು ಒಡೆದ ದಿನವನ್ನು ಬರೆದಿಡಿರಿ

ಜವಳಗಿರಿಯ ಸುತ್ತಿನ ರೈತ ಬಾಂಧವರಲ್ಲಿ ಒಂದು ನಂಬಿಕೆ ಉಂಟು: ಹೊಲದ ತಕರಾರಿಗೆ ಕೋರ್ಟಿನಲ್ಲಿ ಹನ್ನೆರಡು ವರ್ಷ ವಾಯಿದೆ, ಅವಸರವೇನು ಎಂದು. ನಾವೂ ಹಾಗೆಯೇ ನಂಬಿ ಕೆಟ್ಟೆವು.

ನೆರೆಹೊಲದವರು ಮಣ್ಣು ತೆಗೆಸುವಾಗ ಯಂತ್ರವು ನಮ್ಮ ಬದು ಒಡೆದು ಒಳಕ್ಕೆ ನುಗ್ಗಿತು. ಆ ಮಳೆಗಾಲದಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ ರಾಗಿ ಕೈಬಿಟ್ಟಿತು. ಹಿರಿಯರು ನ್ಯಾಯ ಹೇಳಿದರು. "ಸುಗ್ಗಿ ಆಗಲಿ, ಕೊಡೋಣ" ಎಂದರು ಅವರು. ಸುಗ್ಗಿಯ ಮೇಲೆ ಸುಗ್ಗಿ ಕಳೆಯಿತು. ನಾಲ್ಕನೆಯ ವರ್ಷ ವಕೀಲರ ಬಳಿಗೆ ಹೋದೆವು. ಅವರು ಮೊದಲು ಕೇಳಿದ್ದು ಬದು ಒಡೆದ ತಾರೀಖನ್ನು. ಕೇಳಿ, "ವಾಯಿದೆ ಮೀರಿತಲ್ಲ ಮೇಷ್ಟ್ರೇ" ಎಂದರು.

1963ರ ಕಾಲಮಿತಿ ಕಾಯಿದೆಯು 1964ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ 12 ವರ್ಷವಿರುವುದು ಒಡೆತನದ ಹಕ್ಕಿನಿಂದ ಭೂಮಿಯ ಸ್ವಾಧೀನ ಕೇಳುವ ದಾವೆಗೆ. ಹೊಲಕ್ಕೆ ಅತಿಕ್ರಮವಾಗಿ ನುಗ್ಗಿ ಮಾಡಿದ ನಷ್ಟದ ಪರಿಹಾರಕ್ಕೆ 3 ವರ್ಷ, ನುಗ್ಗಿದ ದಿನದಿಂದ. ದಾರಿಗೆ ಅಥವಾ ನೀರಿನ ಕಾಲುವೆಗೆ ಅಡ್ಡಿ ಮಾಡಿದರೂ, ನೀರನ್ನು ಬೇರೆಡೆಗೆ ತಿರುಗಿಸಿದರೂ 3 ವರ್ಷವೇ. ಕಾಯಿದೆಯ ಅಧಿಕಾರದಿಂದ ಮಾಡಿದೆವೆಂದು ಹೇಳುವ ಕೆಲಸದಿಂದ ನಷ್ಟವಾದರೆ 1 ವರ್ಷ ಮಾತ್ರ.

ವಾಯಿದೆ ಮೀರಿದ ದಾವೆಯನ್ನು ಎದುರಾಳಿ ಆಕ್ಷೇಪಿಸದಿದ್ದರೂ ನ್ಯಾಯಾಧೀಶರು ವಜಾ ಮಾಡಲೇಬೇಕು. ತಡವನ್ನು ಮನ್ನಿಸಿರೆಂದು ಅಪೀಲಿನಲ್ಲಿ ಕೇಳಿಕೊಳ್ಳಬಹುದು, ದಾವೆಯಲ್ಲಿ ಹಾಗಿಲ್ಲ. ಕಾಡಾನೆ ರಾಗಿ ತುಳಿದಾಗ ಅರಣ್ಯ ಇಲಾಖೆಗೆ ಕೊಡುವ ಪರಿಹಾರದ ಅರ್ಜಿಯೂ ದಾವೆಯಲ್ಲ. ಅದನ್ನು ಕೂಡಲೇ ಕೊಡಬೇಕು.

ಹಿರಿಯರ ಪಂಚಾಯಿತಿ ಬೇಡವೆಂದು ನಾವು ಹೇಳುತ್ತಿಲ್ಲ. ಊರೊಳಗೆ ತೀರಿದರೆ ಹಣವೂ ಉಳಿಯಿತು, ನೆರೆಹೊರೆಯೂ ಉಳಿಯಿತು. ಆದರೆ ಮಾತುಕತೆ ನಡೆದಿದೆಯೆಂದು ವಾಯಿದೆ ನಿಲ್ಲುವುದಿಲ್ಲ. ಶಾಲೆಯಲ್ಲಿ ದಿನವೂ ಹಾಜರಿ ಬರೆಯುವ ನಾವೇ ನಮ್ಮ ಹೊಲದ ತಾರೀಖನ್ನು ಲೆಕ್ಕವಿಡಲಿಲ್ಲ. ನೀವು ಹಾಗೆ ಮಾಡಬೇಡಿರಿ. ನಷ್ಟವಾದ ದಿನವೇ ತಾರೀಖು, ಸರ್ವೆ ನಂಬರು, ಕಂಡವರ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿಡಿರಿ, ಫೋಟೋ ತೆಗೆಸಿರಿ. ದೂರನ್ನು ತಮಿಳಿನಲ್ಲಿ ಬರೆಸಿದರೆ, ಓದಿಸಿ ಅರ್ಥ ತಿಳಿದ ಮೇಲೆಯೇ ಸಹಿ ಹಾಕಿ ರಸೀದಿ ಪಡೆಯಿರಿ. ಒಂದು ಸುಗ್ಗಿಯೊಳಗೆ ರಾಜಿಯಾಗದಿದ್ದರೆ ಹೊಸೂರಿನಲ್ಲೋ ಡೆಂಕಣಿಕೋಟೆಯಲ್ಲೋ ವಕೀಲರನ್ನು ಕಾಣಿರಿ.

ಹದ ತಪ್ಪಿದ ಮೇಲೆ ನಮ್ಮಲ್ಲಿ ಯಾರೂ ರಾಗಿ ಬಿತ್ತುವುದಿಲ್ಲ. ದಾವೆಗೂ ಒಂದು ಹದ ಉಂಟು, ಬಾಂಧವರೇ.