ಕಣದ ನಾಯಿಗೆ ಸಂಬಳವೆಷ್ಟು?

ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಕೊಯ್ಲಿನ ಕಾಲವಿಡೀ ರಾತ್ರಿ ಎಚ್ಚರವಾಗಿರುವ ಕೆಲಸಗಾರನೊಬ್ಬನಿದ್ದಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಕಾಫಿ ಕಣದ ಮೂಲೆಯಲ್ಲಿ ಗೂಟಕ್ಕೆ ಕಟ್ಟಿದ ನಾಯಿಯ ಮಾತನ್ನೇ ಹೇಳುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು, ನೆಂಟರಲ್ಲಿ ಕೆಲವರು ಇಂದು ತೋಟದ ಯಜಮಾನರು. ಆದ್ದರಿಂದಲೇ ಮುಲಾಜಿಲ್ಲದೆ ಬರೆಯುತ್ತೇನೆ.

“ಬಿಟ್ರೆ ಚಿರತೆ ಹೊತ್ಕೊಂಡು ಹೋಗುತ್ತೆ ಮೇಷ್ಟ್ರೇ, ಅದಕ್ಕೇ ಕಟ್ಟೋದು” ಎಂಬುದು ಎಲ್ಲರ ಸಮರ್ಥನೆ. ಇದೆಂಥ ತರ್ಕ? ಬಿಚ್ಚಿದ ನಾಯಿಗೆ ಓಡಲಾದರೂ ಅವಕಾಶವುಂಟು. ಬಯಲಿನಲ್ಲಿ ಮೂರು ಮೊಳದ ಸರಪಳಿಯಲ್ಲಿರುವ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಭಯ ನಿಜವಾದರೆ ರಾತ್ರಿಗೆ ಭದ್ರ ಬಾಗಿಲಿನ ಗೂಡು ಕಟ್ಟಿಸಬೇಕು; ಅದರೊಳಗಿನಿಂದ ಬೊಗಳಿದರೂ ಕಳ್ಳನಿಗೆ ಕೇಳಿಸುತ್ತದೆ. ಬಿಟ್ಟ ನಾಯಿ ಆನೆಯನ್ನು ಕೆಣಕಿ ಯಜಮಾನನ ಕಾಲಬುಡಕ್ಕೇ ಓಡಿಬರುವುದುಂಟು ಎಂಬುದನ್ನು ಒಪ್ಪುತ್ತೇನೆ. ಅದೂ ಗೂಡಿಗೆ ಕಾರಣವೇ ಹೊರತು ಹಗಲಿರುಳಿನ ಸರಪಳಿಗಲ್ಲ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮು, ಅತಿ ಗಿಡ್ಡ ಸರಪಳಿಯಲ್ಲಿ ಮಿತಿಮೀರಿದ ಕಾಲ ಕಟ್ಟಿಡುವುದನ್ನೂ, ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಅಪರಾಧವೆಂದಿದೆ. ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ! ಪೇಟೆಯ ಹೋಟೆಲಿನಲ್ಲಿ ಇಬ್ಬರು ಕುಡಿದ ಕಾಫಿಯ ಬಿಲ್ಲು.

“ನಾಟಿ ನಾಯಿಗೆ ರೋಗ ತಾಗದು” ಎಂಬುದು ಇನ್ನೊಂದು ಸುಳ್ಳು. ನಮ್ಮ ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ತಿಂಗಳುಗಟ್ಟಲೆ ಮಲಗಿದ ನಾಯಿಗೆ ಚರ್ಮರೋಗ ಬಾರದಿದ್ದೀತೆ? ಉಣುಗುಗಳು ರಕ್ತ ಹೀರುವುದಷ್ಟೇ ಅಲ್ಲ, ಜ್ವರದ ಸೋಂಕನ್ನೂ ಬಿಟ್ಟುಹೋಗುತ್ತವೆ. ರಕ್ತಹೀನತೆಯಿಂದ ನಾಯಿ ಮಂಕಾಗುತ್ತದೆ. ಯಜಮಾನರು “ಇದು ಸೋಮಾರಿಯಾಯ್ತು” ಎಂದು ಹೊಸ ಮರಿ ತರಿಸುತ್ತಾರೆ. ಹಳೆಯದು ಎಲ್ಲಿ ಹೋಯಿತೆಂದು ಕೇಳಿದರೆ ಮಾತು ಬದಲಾಗುತ್ತದೆ. ರೇಬೀಸ್ ಅಂತೂ ನಾಟಿ, ಜಾತಿ ಎಂದು ನೋಡುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯದು, ಅದು ಕಚ್ಚಿದ ಮನುಷ್ಯನಲ್ಲಿ ಲಕ್ಷಣ ತೋರಿದರೆ ಅವನೂ ಉಳಿಯುವುದಿಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾದಾಗ ಒಂದು ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ. ದೂರದ ನೆಪವೂ ಇಲ್ಲ.

ನಮ್ಮದೇ ನಾಡಿನ ಮುಧೋಳ ನಾಯಿಗಳನ್ನು 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಕೊಂಡೊಯ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸೇನೆಯ ನಾಯಿಗೆ ಪಡಿಯುಂಟು, ವೈದ್ಯರುಂಟು, ನೋಡಿಕೊಳ್ಳಲು ಒಬ್ಬ ಸೈನಿಕನುಂಟು. ನಮ್ಮ ಕಣದ ನಾಯಿಯೂ ಮಾಡುವುದು ಕಾವಲನ್ನೇ. ಅದಕ್ಕೆ ಸಿಗುವುದು ಮಿಕ್ಕ ಅನ್ನ, ಅದೂ ನೆನಪಾದರೆ.

ಬರುವ ಕೊಯ್ಲಿಗೆ ಗೋಣಿಚೀಲ, ಡೀಸೆಲ್ಲುಗಳ ಲೆಕ್ಕ ಬರೆಯುವಾಗ ಲಸಿಕೆಗೂ ಒಂದು ಸಾಲು ಬಿಡಿ. ಪಶುವೈದ್ಯರು ತೋಟಕ್ಕೆ ಬಂದ ದಿನ ಕೂಲಿ ಲೈನಿನ ನಾಯಿಗಳನ್ನೂ ಹಿಡಿದು ತರಿಸಿ. ಅಲ್ಲಿನ ಮಕ್ಕಳು ಆಡುವುದು ಅವುಗಳೊಡನೆಯೇ.