ಜೋಡಿ ಕಟ್ಟುವ ನ್ಯಾಯ

ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ರಸ್ತೆಯ ಆಸುಪಾಸಿನ ಒಂದು ಊರಿನಲ್ಲಿ ಕಳೆದ ಬೇಸಿಗೆ ಮಾರಿಹಬ್ಬದ ಮರುದಿನ ಕುಸ್ತಿ ಏರ್ಪಟ್ಟಿತ್ತು. ನಾನು ಮಲ್ಲನಲ್ಲ, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯ. ಅಕ್ಷರ ದುಂಡಗಿದೆಯೆಂಬ ಒಂದೇ ಯೋಗ್ಯತೆಯ ಮೇಲೆ ಊರಿನವರು ಜೋಡಿಗಳ ಪಟ್ಟಿ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಅಂದು ಬರೆದ ಹೆಸರುಗಳೆಲ್ಲ ಈಗ ಮರೆತುಹೋಗಿವೆ. ಹೊಡೆದುಹಾಕಿದ ಒಂದು ಹೆಸರು ಮಾತ್ರ ಮರೆತಿಲ್ಲ.

ಜೋಡಿ ಕಟ್ಟುವುದೆಂದರೆ ಏನೆಂದು ಅರಿಯದವರಿಗಾಗಿ ಎರಡು ಮಾತು. ನಮ್ಮ ಸೀಮೆಯಲ್ಲಿ ಪೈಲ್ವಾನರು ಬಂದೊಡನೆ ಕಣಕ್ಕಿಳಿಯುವುದಿಲ್ಲ. ಗರಡಿಯ ಹಿರಿಯರು ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಮೈಕಟ್ಟು, ತೂಕ, ವಯಸ್ಸು, ಎಷ್ಟು ವರ್ಷದ ಸಾಮು, ಹಿಂದೆ ಯಾರ ಮೇಲೆ ಆಡಿದ್ದಾನೆ ಎಂಬುದನ್ನೆಲ್ಲ ವಿಚಾರಿಸಿ, ಇವನಿಗೆ ಇವನು ಸರಿ ಎಂದು ಗೊತ್ತುಮಾಡುತ್ತಾರೆ. ಮೈಸೂರಿನ ದಸರಾ ಕುಸ್ತಿಗೂ ಮುಂಚೆ ಜೋಡಿ ಕಟ್ಟುವ ಕಾರ್ಯ ಬೇರೆಯಾಗಿಯೇ ನಡೆಯುತ್ತದೆ. ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ನೊಗಕ್ಕೆ ಹೂಡುವ ಮುನ್ನ ಎತ್ತುಗಳ ಎತ್ತರ ನಡಿಗೆಗಳನ್ನು ನೋಡದವನ ಸಾಲು ನೆಟ್ಟಗಿರುವುದಿಲ್ಲ.

ಅಂದು ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಅವಳ ತಂದೆ ಕರೆತಂದಿದ್ದ. ತೂಕ 46 ಕಿಲೋ. ಅವಳಿಗೆ ಜೋಡಿಯಾಗಿ ಬರಬೇಕಾಗಿದ್ದ ಬೇರೆ ಊರಿನ ಹುಡುಗಿ ಬರಲಿಲ್ಲ. ಅದೇ ವಯಸ್ಸಿನ, ಅದೇ ತೂಕದ ಹುಡುಗನೊಬ್ಬ ಅಲ್ಲಿಯೇ ಇದ್ದ. ಅವನ ಮೇಲೆಯೇ ಬಿಡಿರೆಂದು ನೆರೆದಿದ್ದ ಯುವಕರು ಕೂಗಿದರು. ತಂದೆಯೂ ಒಪ್ಪಿದ.

“ಮೇಷ್ಟ್ರೇ, ದಿನಾ ಗಂಡೈಕ್ಳ ಜೊತೇಲೇ ಸಾಮು ಮಾಡ್ತಾಳೆ. ಇವತ್ತೊಂದಿನ ಏನಾಯ್ತದೆ?”

ಉತ್ತರ ಕೊಟ್ಟವರು ಅವಳ ಉಸ್ತಾದರು. “ಗರಡೀಲಿ ನಾನಿರ್ತೀನಿ ಕಣಪ್ಪ. ಕಣದಲ್ಲಿ ಜನ ಇರ್ತಾರೆ.”

ನಾನು ಹೆಸರನ್ನು ಹೊಡೆದೆ. ಹುಡುಗಿ ನನ್ನ ಲೇಖನಿಯನ್ನೇ ನೋಡುತ್ತಿದ್ದವಳು, “ಹಂಗಾದ್ರೆ ನನ್ ಜೋಡಿ ಎಲ್ಲವ್ಳೆ ಸಾ?” ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದವನಿಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಗಂಡೂ ಹೆಣ್ಣೂ ಒಂದೇ ಕಣದಲ್ಲಿ ಸೆಣಸಬಹುದೇ, ಸೆಣಸಿದರೆ ಅದು ನ್ಯಾಯವೇ ಎಂಬ ಚರ್ಚೆ ಇಂದು ಲೋಕದಲ್ಲೆಲ್ಲ ನಡೆದಿದೆ. ಕುಸ್ತಿಯಲ್ಲಿ ಮಾತ್ರವಲ್ಲ, ಮುಷ್ಟಿಯುದ್ಧ, ಜೂಡೋ, ಕರಾಟೆಗಳಲ್ಲಿಯೂ ನಡೆದಿದೆ. ನಮ್ಮ ಊರಿನ ಕಣದಂಚಿನಿಂದ ಅದನ್ನು ನೋಡಿದರೆ ಹೇಗೆ ಕಾಣುತ್ತದೆಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ.

ನಮ್ಮ ಮಲ್ಲವಿದ್ಯೆಯ ಪರಂಪರೆಯಲ್ಲಿ ಎರಡು ಧಾರೆಗಳಿವೆ. ಒಂದು ಸವಾಲಿನದು, ಇನ್ನೊಂದು ಜೋಡಿಯದು. ಶ್ರೀರಂಗಪಟ್ಟಣದಲ್ಲಿ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಊರಬಾಗಿಲಿಗೆ ತನ್ನ ಚಲ್ಲಣವನ್ನು ತೂಗಹಾಕಿದ್ದ ಜಟ್ಟಿಯ ಗರ್ವವನ್ನಡಗಿಸಿದರೆಂಬ ಐತಿಹ್ಯವನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಕೇಳಿದ್ದಾರೆ. ಅದು ಸವಾಲು. ಅಲ್ಲಿ ತಕ್ಕಡಿ ಇಲ್ಲ. ಧೈರ್ಯವಿದ್ದವನು ಬರಲಿ ಎಂಬುದೇ ನಿಯಮ. ಜರಾಸಂಧನ ಕಥೆ ಬೇರೆ. ಮನೆಗೆ ಬಂದ ಮೂವರಲ್ಲಿ ಯಾರೊಡನೆ ಕಾದುವೆ ಎಂದಾಗ ಕೃಷ್ಣನನ್ನೂ ಅರ್ಜುನನನ್ನೂ ಬಿಟ್ಟು, ತನಗೆ ಸರಿಸಮನೆಂದು ಭೀಮನನ್ನೇ ಆರಿಸಿಕೊಂಡ. ಸಾಯುವ ಕಾಳಗದಲ್ಲಿಯೂ ಆತ ಜೋಡಿಯ ಧರ್ಮವನ್ನು ಬಿಡಲಿಲ್ಲ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿಯೂ ಜಟ್ಟಿಗಳ ಜೋಡಿ ಮೊದಲೇ ನಿಶ್ಚಯವಾಗಿರುತ್ತದೆ. ನೆತ್ತರ ಮೊದಲ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. ಉಗ್ರವಾದ ವಿದ್ಯೆಗೆ ಹಿರಿಯರು ಹಾಕಿದ ಎರಡು ಕಟ್ಟೆಗಳಿವು.

ಗಂಡು ಹೆಣ್ಣಿನ ಕುಸ್ತಿ ನಮ್ಮ ದೇಶದಲ್ಲಿ ಹೆಸರಾದದ್ದು ಸವಾಲಿನ ಧಾರೆಯಲ್ಲಿ. ಉತ್ತರಪ್ರದೇಶದ ಹಮೀದಾ ಬಾನು ತನ್ನನ್ನು ಸೋಲಿಸಿದವನನ್ನು ಮದುವೆಯಾಗುವೆನೆಂದು 1954ರಲ್ಲಿ ಸಾರಿದಳು. ಜೈಮಿನಿ ಭಾರತದ ಪ್ರಮೀಳೆಯನ್ನು ಬಲ್ಲ ಕನ್ನಡಿಗರಿಗೆ ಈ ಮಾತು ಅಷ್ಟು ಹೊಸತಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬರೋಡೆಯಲ್ಲಿ ಬಾಬಾ ಪೈಲ್ವಾನನನ್ನು ಆಕೆ 1 ನಿಮಿಷ 34 ಸೆಕೆಂಡುಗಳಲ್ಲಿ ಸೋಲಿಸಿದಳು. ಆಕೆಯ ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ ಎಂದು ಪತ್ರಿಕೆಗಳು ವರ್ಣಿಸಿದವು. ಅವೆಲ್ಲ ಮೊದಲೇ ಮಾತಾಡಿಕೊಂಡ ಕುಸ್ತಿಗಳೆಂದು ಮೂಗು ಮುರಿದವರೂ ಇದ್ದರು. ಕೊಲ್ಲಾಪುರದಲ್ಲಿ ಗಂಡಸನ್ನು ಗೆದ್ದುದಕ್ಕೆ ಜನ ಕಲ್ಲು ತೂರಿದರು. ಅದೇ 1954ರಲ್ಲಿ ಮುಂಬಯಿಯಲ್ಲಿ ರಷ್ಯದ ವೆರಾ ಚಿಸ್ಟಿಲಿನ್ ಎಂಬಾಕೆಯೊಡನೆ ಆಡಿದಾಗ ಆ ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ. ಗಂಡಸರಲ್ಲಿ ಆಕೆಯನ್ನು ಒಪ್ಪುವವರಿರಲಿಲ್ಲ, ಹೆಂಗಸರಲ್ಲಿ ಆಕೆಗೆ ಸಾಟಿಯಾದವರಿರಲಿಲ್ಲ. ಗೆಲುವಿನ ಮೇಲೆ ಗೆಲುವು ಬಂದರೂ ಹಮೀದಾ ಬಾನುವಿಗೆ ಜೋಡಿ ದೊರೆಯಲಿಲ್ಲವೆಂದೇ ನನ್ನ ಭಾವನೆ. ನೆರೆದವರು ನೋಡಲು ಬಂದದ್ದು ವಿಚಿತ್ರವನ್ನು, ವಿದ್ಯೆಯನ್ನಲ್ಲ. ವಿಚಿತ್ರ ಒಬ್ಬರೊಡನೆಯೇ ಮುಗಿಯುತ್ತದೆ. ಹೆಂಗಸರ ಕುಸ್ತಿ ಒಲಿಂಪಿಕ್ಸಿಗೆ ಬರಲು ಅಲ್ಲಿಂದ ಐವತ್ತು ವರ್ಷ ಹಿಡಿಯಿತು. 2004ರ ಅಥೆನ್ಸಿನಲ್ಲಿ ಅದು ಬಂದಿತು.

ತೂಕ ಒಂದೇ ಆಗಿದ್ದರೆ ಸಾಲದೇ ಎಂದು ಆ ಯುವಕರು ಕೇಳಿದ ಪ್ರಶ್ನೆ ಮೂರ್ಖ ಪ್ರಶ್ನೆಯಲ್ಲ. ಹತ್ತು ಹನ್ನೊಂದರ ವಯಸ್ಸಿನವರೆಗೆ ಹುಡುಗ ಹುಡುಗಿಯರ ಬಲದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಪ್ರಾಯಕ್ಕೆ ಕಾಲಿಟ್ಟ ಮೇಲೆ ದಾರಿ ಬೇರೆಯಾಗುತ್ತದೆ. ಹುಡುಗನ ಮೈಯಲ್ಲಿ ಟೆಸ್ಟೋಸ್ಟಿರಾನ್ ಎಂಬ ರಸ ಹೆಚ್ಚಿ, ಎಲುಬು ದಪ್ಪವಾಗಿ, ಭುಜ ತೋಳುಗಳ ಸ್ನಾಯು ಬೆಳೆಯುತ್ತದೆ. ತಕ್ಕಡಿಯಲ್ಲಿ 46 ಕಿಲೋ ಎರಡು ಕಡೆಗೂ ಸಮನಾಗಿ ತೂಗಿದರೂ ಆ 46 ಕಿಲೋದೊಳಗೆ ಏನಿದೆಯೆಂಬುದು ಸಮನಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಗುದ್ದುವ ಚಲನೆಯ ಶಕ್ತಿಯನ್ನು ಅಳೆದು 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗಂಡಸರ ಸರಾಸರಿ ಶಕ್ತಿ ಹೆಂಗಸರದಕ್ಕಿಂತ ಶೇಕಡಾ 162ರಷ್ಟು ಹೆಚ್ಚಾಗಿತ್ತು. ಹೆಂಗಸರಿಗೆ ಬೇರೆ ವಿಭಾಗವಿರುವುದು ಅವರು ಕೋಮಲೆಯರೆಂಬ ಕರುಣೆಯಿಂದಲ್ಲ. ಆ ವಿಭಾಗವಿಲ್ಲದಿದ್ದರೆ ಗೆಲ್ಲುವ ಕಟ್ಟೆಯ ಮೇಲೆ ಅವರ ಹೆಸರೇ ಇರುವುದಿಲ್ಲವೆಂಬ ಲೆಕ್ಕದಿಂದ.

ಆದರೆ ಅಳತೆಗೂ ಮಿತಿಯುಂಟು. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದಲ್ಲಿ ಜಪಾನಿನ ಯುಯಿ ಸುಸಾಕಿಯಂಥವಳನ್ನು ಸೋಲಿಸಿ ಅಂತಿಮ ಸುತ್ತಿಗೇರಿದಳು. ಮರುದಿನ ಬೆಳಗ್ಗೆ ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತು. ಬರಬೇಕಾಗಿದ್ದ ಪದಕವೂ ಹೋಯಿತು. ನೂರು ಗ್ರಾಂ ಎಂದರೆ ನಮ್ಮ ಆಲೆಮನೆಯ ಒಂದು ಸಣ್ಣ ಬೆಲ್ಲದ ಚೂರು. ದೇಶವೆಲ್ಲ ಮರುಗಿತು, ನಾನೂ ಮರುಗಿದೆ. ಆದರೂ ಆ ನಿಯಮವನ್ನು ಹಳಿಯಲು ನನಗೆ ಮನಸ್ಸು ಬರಲಿಲ್ಲ. ಇಂದು ನೂರು ಗ್ರಾಂ ಬಿಟ್ಟವನು ನಾಳೆ ಇನ್ನೂರನ್ನು ಬಿಡಬೇಕಾಗುತ್ತದೆ. ಹಳಿಯಬೇಕಾದದ್ದು ಉಪವಾಸ ಬಿದ್ದು, ನೀರು ಬಿಟ್ಟು, ಮೈಯನ್ನು ಒಣಗಿಸಿ ಕೆಳಗಿನ ವಿಭಾಗಕ್ಕೆ ಇಳಿಯಬೇಕಾದ ಪದ್ಧತಿಯನ್ನು.

ಅದೇ ಪ್ಯಾರಿಸ್ಸಿನಲ್ಲಿ ಹೆಂಗಸರ ಮುಷ್ಟಿಯುದ್ಧದಲ್ಲಿ ಆಲ್ಜೀರಿಯದ ಇಮಾನೆ ಖೆಲಿಫ್ ಎದುರು ಇಟಲಿಯ ಆಂಜೆಲಾ ಕರೀನಿ 46 ಸೆಕೆಂಡಿಗೆ ಕೈಚೆಲ್ಲಿದಳು. ಅಂದಿನಿಂದ ಖೆಲಿಫಳ ಹೆಣ್ತನದ ಮೇಲೆಯೇ ಜಗತ್ತು ಪಂಚಾಯಿತಿ ನಡೆಸಿತು. ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿ ಬೆಳೆದವಳು ತಾನೆಂದು ಆಕೆ ಹೇಳಬೇಕಾಯಿತು. ಕರೀನಿ ಆಮೇಲೆ ಆಕೆಯ ಕ್ಷಮೆ ಕೇಳಿದಳು. 2025ರಲ್ಲಿ ವಿಶ್ವ ಬಾಕ್ಸಿಂಗ್ ಸಂಸ್ಥೆ ವಂಶವಾಹಿಯ ಪರೀಕ್ಷೆಯನ್ನು ಕಡ್ಡಾಯಮಾಡಿತು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ವೈದ್ಯರೂ ಸಂಸ್ಥೆಗಳೂ ವಾದಿಸಲಿ. ನನಗೆ ತೋರುವುದು ಇಷ್ಟು: ಜೋಡಿಯ ಮಾತೆಲ್ಲ ಕಣದ ಹೊರಗೆ, ಬಾಗಿಲೊಳಗೆ, ಮೊದಲೇ ಮುಗಿಯಬೇಕು. ಕಣಕ್ಕೆ ಬಿಟ್ಟ ಮೇಲೆ ಒಬ್ಬಳ ದೇಹವನ್ನು ಲೋಕದ ಬಾಯಿಗೆ ಹಾಕುವುದು ಜೋಡಿ ಕಟ್ಟಿದವರ ತಪ್ಪು, ಆಡಿದವಳದಲ್ಲ.

ಹಾಗಾದರೆ ಗರಡಿಯಲ್ಲಿಯೂ ಹುಡುಗ ಹುಡುಗಿಯರನ್ನು ಬೇರೆ ಮಾಡಬೇಕೇ? ಆ ಉಸ್ತಾದರ ಮಾತು ಇಲ್ಲಿ ನನಗೆ ದಾರಿ ತೋರಿಸಿತು. ಗರಡಿ ಕಲಿಯುವ ಸ್ಥಳ. ಅಲ್ಲಿ ಬಲಶಾಲಿ ತನ್ನ ಬಲವನ್ನು ತಡೆದುಕೊಂಡು ಎಳೆಯನಿಗೆ ಪಟ್ಟು ಹಿಡಿಯಲು ಬಿಡುತ್ತಾನೆ. ಬೀಳುವವನೂ ಕಲಿಯುತ್ತಾನೆ, ಬೀಳಿಸುವವನೂ ಕಲಿಯುತ್ತಾನೆ. ಗುರುವಿನ ಕಣ್ಣು ಇಬ್ಬರ ಮೇಲೂ ಇರುತ್ತದೆ. ಕಣದಲ್ಲಿ ಯಾರೂ ಬಲವನ್ನು ತಡೆದುಕೊಳ್ಳುವುದಿಲ್ಲ, ತಡೆದುಕೊಳ್ಳಲೂಬಾರದು. ಹುಡುಗಿಯ ಮೇಲೆ ಕಣಕ್ಕಿಳಿದ ಹುಡುಗನ ಪಾಡನ್ನೂ ಯೋಚಿಸಿ ನೋಡಿ. ಗೆದ್ದರೆ ಮಾನವಿಲ್ಲ, ಸೋತರೆ ಊರಿನಲ್ಲಿ ತಲೆಯೆತ್ತುವಂತಿಲ್ಲ. ಅವನು ಆಟವನ್ನೇ ಆಡಲಾರ. ಅವನು ಆಡದಿದ್ದರೆ ಅವಳು ಗೆದ್ದುದಾದರೂ ಏನು?

ಅಮೆರಿಕದ ಅಯೋವಾ ರಾಜ್ಯದ ಶಾಲಾ ಕುಸ್ತಿಯಲ್ಲಿ 2011ರಲ್ಲಿ ನಡೆದದ್ದು ಇದೇ. 112 ಪೌಂಡಿನ ವಿಭಾಗದ ಹುಡುಗನೊಬ್ಬ, ಹುಡುಗಿಯೊಡನೆ ಸೆಣಸುವುದು ತನ್ನ ಧರ್ಮಶ್ರದ್ಧೆಗೆ ಒಪ್ಪದೆಂದು ಆಡದೆಯೇ ಬಿಟ್ಟುಕೊಟ್ಟ. ಹುಡುಗಿಗೆ ಗೆಲುವು ಬಂದಿತು, ಕುಸ್ತಿ ದೊರೆಯಲಿಲ್ಲ. ಚರ್ಚೆ ವರ್ಷಗಟ್ಟಲೆ ನಡೆಯಿತು. ಅದಕ್ಕೆ ಪರಿಹಾರ ಒದಗಿಸಿದ್ದು ಯಾರ ವಾದವೂ ಅಲ್ಲ, ಸಂಖ್ಯೆ. ಕಲಿಯುವ ಹುಡುಗಿಯರು ಹೆಚ್ಚಿದರು. 2022ರಲ್ಲಿ ಆ ರಾಜ್ಯ ಹುಡುಗಿಯರ ಕುಸ್ತಿಗೆ ಬೇರೆಯಾಗಿಯೇ ಮನ್ನಣೆ ಕೊಟ್ಟಿತು. ಹರಿಯಾಣದ ಬಲಾಲಿಯಲ್ಲಿ ಮಹಾವೀರ ಸಿಂಗರು ತಮ್ಮ ಹೆಣ್ಣುಮಕ್ಕಳನ್ನು ಹುಡುಗರ ಮೇಲೆ ಬಿಟ್ಟದ್ದು ಯಾವ ತತ್ತ್ವಕ್ಕಾಗಿಯೂ ಅಲ್ಲ. ಸುತ್ತಮುತ್ತ ಹುಡುಗಿಯರೇ ಇರಲಿಲ್ಲ. ಅಲ್ಲಿಂದ ಬಂದ ಗೀತಾ ಫೋಗಟ್ 2010ರ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಮೇಲೆ ಆ ಸೀಮೆಯ ಗರಡಿಗಳ ಬಾಗಿಲು ತೆರೆಯಿತು. ಗಂಡು ಹೆಣ್ಣಿನ ಕುಸ್ತಿಯ ಪ್ರಶ್ನೆ ಬಹುಪಾಲು ಬಡತನದ ಪ್ರಶ್ನೆ; ಜೋಡಿಗಳ ಬಡತನ.

ನಮ್ಮ ಕಡೆ ಆ ಬಡತನಕ್ಕೆ ಕಾರಣವಿದೆ. ಗರಡಿ ಆಂಜನೇಯನ ಸನ್ನಿಧಿ, ಮಟ್ಟಿಗೆ ಹೆಣ್ಣು ಇಳಿಯಬಾರದೆಂದು ಹಳಬರು ನಂಬಿ ಬಂದಿದ್ದಾರೆ. ದಸರಾ ಕುಸ್ತಿಯಲ್ಲಿ ಹುಡುಗಿಯರಿಗೆಂದೇ ‘ದಸರಾ ಕಿಶೋರಿ’ ಬಿರುದುಂಟು. ಉತ್ತರ ಕರ್ನಾಟಕದ ಹಳಿಯಾಳ, ಗದಗದ ಕಡೆಯ ಹುಡುಗಿಯರು ಬಂದು ಆಡುತ್ತಾರೆ. ಕಣದ ಮಗ್ಗುಲಲ್ಲೇ ಇರುವ ನಾವು ಕೈತಟ್ಟುತ್ತೇವೆ. ಮಗಳನ್ನು ಕಳುಹಿಸಲು ಅಂಜುವ ತಾಯಂದಿರನ್ನು ನಾನು ದೂರಲಾರೆ. 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಬೀದಿಯಲ್ಲಿ ಕುಳಿತದ್ದನ್ನು ಅವರೂ ಕಂಡಿದ್ದಾರೆ. ಹುಡುಗಿಯರ ಸಾಮಿನ ಹೊತ್ತಿನಲ್ಲಿ ಹೆಂಗಸೊಬ್ಬಳು ಕಲಿಸುವವಳೋ ನೋಡಿಕೊಳ್ಳುವವಳೋ ಗರಡಿಯಲ್ಲಿರಲೇಬೇಕು. ಸರಿಯಾದ ಜೋಡಿ ಎಷ್ಟು ಮುಖ್ಯವೋ ನಿರ್ಭಯವಾದ ಮಟ್ಟಿಯೂ ಅಷ್ಟೇ ಮುಖ್ಯ.

ಮಂಡ್ಯ, ಮದ್ದೂರು, ಮಳವಳ್ಳಿ ಒಂದರಿಂದೊಂದು ಬಹಳ ದೂರವಲ್ಲ. ಒಂದೊಂದು ಊರಿನಲ್ಲಿ ಒಬ್ಬಿಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ. ಒಬ್ಬಳ ಸುದ್ದಿ ಇನ್ನೊಬ್ಬಳಿಗಿಲ್ಲ. ಮೂರು ಊರಿನ ಗರಡಿಗಳೂ ಶಾಲೆಗಳೂ ಸೇರಿ ಹೆಸರು, ವಯಸ್ಸು, ತೂಕ, ಸಾಮಿನ ವರ್ಷಗಳನ್ನು ಒಂದೇ ಪಟ್ಟಿಯಲ್ಲಿಟ್ಟರೆ, ಹಬ್ಬಕ್ಕೆ ತಿಂಗಳ ಮುಂಚೆ ಜೋಡಿ ಕಟ್ಟಬಹುದು. ಇದಕ್ಕೆ ಸರ್ಕಾರದ ಹಣ ಬೇಕಿಲ್ಲ. ಒಂದು ನೋಟುಬುಕ್ಕು, ದುಂಡಗೆ ಬರೆಯುವ ಒಬ್ಬ ಮೇಷ್ಟ್ರು ಸಾಕು.

ಅಂದು ಆ ಹೆಸರನ್ನು ಹೊಡೆದದ್ದು ತಪ್ಪೆಂದು ಈಗಲೂ ನನಗೆ ತೋರುವುದಿಲ್ಲ. ಆದರೆ ಅದು ಅರ್ಧ ನ್ಯಾಯ. ಸಲ್ಲದ ಜೋಡಿಯನ್ನು ತಡೆದವನು ಸಲ್ಲುವ ಜೋಡಿಯನ್ನು ಹುಡುಕಿಕೊಡುವವರೆಗೆ ಅವಳಿಗೆ ಸಾಲಗಾರನೇ. ನೋಟುಬುಕ್ಕನ್ನು ಕೊಂಡಿದ್ದೇನೆ. ಮೊದಲ ಸಾಲಿನಲ್ಲಿ ಅವಳ ಹೆಸರನ್ನು ಬರೆದು, ಎದುರಿನ ಜಾಗವನ್ನು ಬಿಟ್ಟಿದ್ದೇನೆ.