ಮೈನಸ್ ಎಲ್ಲಿದೆ?

ಮೈಕ್ರೋಕಂಟ್ರೋಲರ್‌ಗೆ ಜೋಡಿಸುವ ಹೊರಗಿನ ಮೆಮೊರಿ ಚಿಪ್‌ನಲ್ಲಿ ಮೈನಸ್ ಐದು ಎಂದು ಬರೆಯಲು ಜಾಗವಿಲ್ಲ. ಉಗುರಿನಷ್ಟು ಚಿಕ್ಕದಾದ 24ಸಿ256 ಎಂಬ ಚಿಪ್ಪನ್ನೇ ತೆಗೆದುಕೊಳ್ಳಿ. ಅದರಲ್ಲಿ 32,768 ಬೈಟ್‌ಗಳಿವೆ. ಒಂದೊಂದು ಬೈಟ್‌ನಲ್ಲೂ ಸೊನ್ನೆಯಿಂದ 255ರವರೆಗಿನ ಒಂದು ಅಂಕಿ ಕೂರುತ್ತದೆ, ಅಷ್ಟೇ. ಮೈನಸ್ ಗುರುತಿಗೆಂದು ಬೇರೆ ಮನೆ ಇಲ್ಲ. ಆದರೂ ಉಷ್ಣಾಂಶ, ವಿದ್ಯುತ್ ಪ್ರವಾಹ, ತೂಕ ಅಳೆಯುವ ಎಷ್ಟೋ ಯಂತ್ರಗಳು ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ಇಂಥ ಚಿಪ್‌ಗಳಲ್ಲೇ ಕಾಪಾಡುತ್ತವೆ. ಕಾಪಾಡುವುದು ಚಿಪ್ ಅಲ್ಲ, ಬರೆಯುವವನಿಗೂ ಓದುವವನಿಗೂ ನಡುವೆ ಇರುವ ಒಪ್ಪಂದ. ಆ ಒಪ್ಪಂದವನ್ನು ಎಲ್ಲೂ ಬರೆದಿಡದ ಉಪಕರಣ ಅರ್ಧ ಮಾಡಿದ ಉಪಕರಣ ಎಂಬುದು ನನ್ನ ವಾದ.

ಒಪ್ಪಂದ ಸರಳವಾಗಿಯೇ ಇದೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರ್ ಎಲ್ಲ ಸೊನ್ನೆ ತೋರಿಸುವಾಗ ಅದನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ ಎಲ್ಲ ಒಂಬತ್ತುಗಳೂ ಬರುತ್ತವೆ. ಆ ಒಂಬತ್ತುಗಳ ಸಾಲನ್ನು ‘ಮೈನಸ್ ಒಂದು’ ಎಂದು ಕರೆಯೋಣ ಎಂದು ನಾವಿಬ್ಬರೂ ಒಪ್ಪಿದರೆ ಮುಗಿಯಿತು. 16 ಬಿಟ್‌ಗಳಲ್ಲಿ 65,536 ಜೋಡಣೆಗಳಿವೆ. ಮೇಲಿನ ಅರ್ಧವನ್ನು ಋಣ ಸಂಖ್ಯೆಗಳಿಗೆ ಬಿಟ್ಟುಕೊಟ್ಟಿದ್ದೇವೆ. ಹಾಗಾಗಿ 65,535 ಎಂದರೆ ಮೈನಸ್ ಒಂದು, 65,531 ಎಂದರೆ ಮೈನಸ್ ಐದು. ಇದಕ್ಕೆ ಟೂಸ್ ಕಾಂಪ್ಲಿಮೆಂಟ್ ಎಂದು ಹೆಸರು. ಕೂಡುವ ಸರ್ಕ್ಯೂಟ್ ಒಂದೇ ಸಾಕು, ಧನಕ್ಕೂ ಋಣಕ್ಕೂ ಬೇರೆ ಬೇರೆ ಬೇಡ ಎಂಬ ಅನುಕೂಲದಿಂದ ಇದು ಗೆದ್ದಿತು. ಬಳಕೆಯಲ್ಲಿ ಎಷ್ಟೋ ದಶಕಗಳಿಂದ ಇದ್ದರೂ, ಸಿ ಭಾಷೆಯ ಪ್ರಮಾಣಗ್ರಂಥ ಇದೊಂದೇ ಪದ್ಧತಿ ಎಂದು ಕಡ್ಡಾಯ ಮಾಡಿದ್ದು ಸಿ23 ಆವೃತ್ತಿಯಲ್ಲಿ.

ಭಾಷಾವಿಜ್ಞಾನ ಓದಿದವರಿಗೆ ಇದು ಹೊಸ ಮಾತಲ್ಲ. ಪದಕ್ಕೂ ಅರ್ಥಕ್ಕೂ ಇರುವ ನಂಟು ಸಹಜವಾದದ್ದಲ್ಲ, ರೂಢಿಯದು ಎಂದು ಸಸ್ಯೂರ್ ಕಲಿಸಿದ್ದು ಇದನ್ನೇ. ಕನ್ನಡದಲ್ಲಂತೂ ಅವನು ಹೇಳಿದ್ದಕ್ಕೂ ಗಣಿತದ ಪ್ಲಸ್-ಮೈನಸ್‌ಗೂ ‘ಚಿಹ್ನೆ’ ಎಂಬ ಒಂದೇ ಪದ. 628ರಲ್ಲಿ ಬ್ರಹ್ಮಗುಪ್ತ ಈ ಸಂಖ್ಯೆಗಳ ಲೆಕ್ಕಕ್ಕೆ ನಿಯಮ ಬರೆದಾಗ ಬಳಸಿದ್ದು ಧನ, ಋಣ ಎಂಬ ವ್ಯವಹಾರದ ಮಾತುಗಳನ್ನು. ಹತ್ತು ರೂಪಾಯಿ ನೋಟಿನ ಮೇಲೆ ಅದು ಗಳಿಕೆಯೋ ಸಾಲವೋ ಎಂದು ಬರೆದಿರುವುದಿಲ್ಲ. ಅದು ಲೆಕ್ಕದ ಪುಸ್ತಕದಲ್ಲಿರುತ್ತದೆ. ಚಿಪ್‌ನಲ್ಲಿರುವುದು ನೋಟು. ಪುಸ್ತಕ ಎಲ್ಲಿದೆ ಎಂಬುದೇ ಪ್ರಶ್ನೆ.

ಒಪ್ಪಂದ ಒಂದೇ ಅಲ್ಲ, ಹಲವು. 16 ಬಿಟ್‌ನ ಸಂಖ್ಯೆ ಎರಡು ಬೈಟ್ ಆಗಿ ಒಡೆಯುತ್ತದೆ. ಮೊದಲು ಯಾವುದನ್ನು ಇಡಬೇಕು? ಮುಂಬೈ, ಪುಣೆಯ ಕನ್ನಡಿಗರಿಗೆ ಈ ತಕರಾರು ದಿನನಿತ್ಯದ್ದು. ನಾವು ‘ಇಪ್ಪತ್ತೊಂದು’ ಎಂದು ಹತ್ತರ ಸ್ಥಾನವನ್ನು ಮೊದಲು ಹೇಳುತ್ತೇವೆ. ಪಕ್ಕದ ಅಂಗಡಿಯವರು ‘ಏಕ್‌ವೀಸ್’ ಎಂದು ಬಿಡಿಯನ್ನು ಮೊದಲು ಹೇಳುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಕೇಳುವವನಿಗೆ ಯಾವ ಭಾಷೆ ಎಂದು ಗೊತ್ತಿರಬೇಕು, ಅಷ್ಟೇ. ಮೈನಸ್ ಐದರ ಎರಡು ಬೈಟ್‌ಗಳು 255 ಮತ್ತು 251. ಅವನ್ನು ತಿರುವುಮುರುವಾಗಿ ಓದಿದರೆ ಮೈನಸ್ 1,025 ಆಗುತ್ತದೆ. 1980ರಲ್ಲಿ ಡ್ಯಾನಿ ಕೋಹೆನ್ ಈ ಜಗಳಕ್ಕೆ ಹೆಸರಿಡಲು ಗಲಿವರನ ಕತೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಬಡಿದಾಡುವವರನ್ನು ನೆನೆದದ್ದು ಸರಿಯಾಗಿಯೇ ಇದೆ.

ಇನ್ನು ಅಗಲದ ಒಪ್ಪಂದ. ಆರ್ಡುಯಿನೊ ಊನೊ ಬೋರ್ಡಿನಲ್ಲಿ ‘ಇಂಟ್’ ಎಂದರೆ 16 ಬಿಟ್. ಎರಡು ಬೈಟ್ ಓದಿ ಜೋಡಿಸಿದರೆ ಮೈನಸ್ ಐದು ತಾನಾಗಿ ಬರುತ್ತದೆ. ಅದೇ ಸಾಲುಗಳನ್ನು ಇಎಸ್‌ಪಿ32 ಬೋರ್ಡಿಗೆ ಹಾಕಿದರೆ ಅಲ್ಲಿ ‘ಇಂಟ್’ 32 ಬಿಟ್. ಮೇಲಿನ 16 ಬಿಟ್‌ಗಳಲ್ಲಿ ಸೊನ್ನೆ ತುಂಬಿ, ಅದೇ ಚಿಪ್‌ನಿಂದ ಅದೇ ಬೈಟ್‌ಗಳು 65,531 ಆಗಿ ಹೊರಬರುತ್ತವೆ. ‘ಇದು 16 ಬಿಟ್‌ನ ಚಿಹ್ನೆಯುಳ್ಳ ಸಂಖ್ಯೆ’ ಎಂದು ಪ್ರೋಗ್ರಾಂನಲ್ಲಿ ಬಾಯಿಬಿಟ್ಟು ಹೇಳಿದರೆ ಮಾತ್ರ ಸರಿಹೋಗುತ್ತದೆ.

ಮೂರನೆಯದು ಖಾಲಿತನದ ಒಪ್ಪಂದ. ಇಂಥ ಹೊಸ ಚಿಪ್‌ಗಳಲ್ಲಿ ಏನೂ ಬರೆಯದ ಮನೆಗಳು ಸಾಮಾನ್ಯವಾಗಿ 255 ಎಂದೇ ಓದುತ್ತವೆ. ಎರಡು ಖಾಲಿ ಮನೆ ಸೇರಿದರೆ ಮೈನಸ್ ಒಂದು. ಅಂದರೆ ‘ಇಲ್ಲಿ ಏನೂ ಇಲ್ಲ’ ಮತ್ತು ‘ಇಲ್ಲಿ ಸೊನ್ನೆಗಿಂತ ಒಂದು ಕಡಿಮೆ ಇದೆ’ ಎಂಬ ಎರಡು ಮಾತಿಗೂ ಒಂದೇ ಲಿಪಿ.

ಇದರಿಂದ ಯಾರಿಗೇನು ನಷ್ಟ ಎನ್ನುತ್ತೀರಾ? ಲಸಿಕೆಯ ಫ್ರಿಜ್ಜನ್ನು ನೆನೆಯಿರಿ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಯಂಥವು ಹೆಪ್ಪುಗಟ್ಟಿದರೆ ಕೆಟ್ಟವು. ಈಗ ಅಲ್ಲೊಂದು ಅಗ್ಗದ ದಾಖಲೆ ಯಂತ್ರವಿದೆ ಎಂದುಕೊಳ್ಳಿ, ಡಿಗ್ರಿಯ ಹತ್ತನೇ ಒಂದು ಭಾಗವನ್ನು ಲೆಕ್ಕವಾಗಿ ಬರೆಯುವಂಥದ್ದು. ರಾತ್ರಿ ಮೈನಸ್ ಅರ್ಧ ಡಿಗ್ರಿಗೆ ಇಳಿಯಿತು, ಮೈನಸ್ ಐದು ಎಂದು ದಾಖಲಾಯಿತು. ಬೆಳಿಗ್ಗೆ ಓದುವ ಪ್ರೋಗ್ರಾಂಗೆ ಚಿಹ್ನೆಯ ಒಪ್ಪಂದ ಗೊತ್ತಿಲ್ಲದಿದ್ದರೆ ಅದಕ್ಕೆ ಕಾಣುವುದು 6,553.1 ಡಿಗ್ರಿ. ‘ಸೆನ್ಸರ್ ದೋಷ’ ಎಂದು ಅದನ್ನು ಬದಿಗಿಟ್ಟು, ಉಳಿದ ಬಿಂದುಗಳನ್ನು ಸೇರಿಸಿ ನೀಟಾದ ಗೆರೆ ಎಳೆಯುತ್ತದೆ. ಯಾವ ಹೊತ್ತಿಗಾಗಿ ಆ ಯಂತ್ರವನ್ನು ಅಲ್ಲಿ ಇಟ್ಟಿದ್ದರೋ ಸರಿಯಾಗಿ ಆ ಹೊತ್ತೇ ದಾಖಲೆಯಿಂದ ಮಾಯ. ಕಸದಂತೆ ಕಾಣುವ ತಪ್ಪಿಗಿಂತ, ಹೀಗೆ ಗುಡಿಸಿ ಹಾಕಿದ ತಪ್ಪು ಅಪಾಯಕಾರಿ.

‘ಲೈಬ್ರರಿಗಳಿವೆ, ಅವೇ ನೋಡಿಕೊಳ್ಳುತ್ತವೆ’ ಎಂದು ಎಂಜಿನಿಯರ್ ಗೆಳೆಯರು ಹೇಳುತ್ತಾರೆ. ಬರೆದ ಪ್ರೋಗ್ರಾಮೇ ಓದುವವರೆಗೆ ನಿಜ. ಆದರೆ ಮೆಮೊರಿ ಚಿಪ್ಪನ್ನು ಬಳಸುವುದೇ ಪ್ರೋಗ್ರಾಂ ಹೋದ ಮೇಲೂ ಮಾಹಿತಿ ಉಳಿಯಲಿ ಎಂದು. ‘ಎಲ್ಲಕ್ಕೂ ನಲವತ್ತು ಕೂಡಿಸಿ ಬರೆದರೆ ಮೈನಸ್ಸೇ ಬರುವುದಿಲ್ಲವಲ್ಲ’ ಎನ್ನುವವರೂ ಇದ್ದಾರೆ. ಒಳ್ಳೆಯ ಉಪಾಯವೇ. ಕಾರುಗಳ ಒಬಿಡಿ ವ್ಯವಸ್ಥೆಯಲ್ಲಿ ಎಂಜಿನ್ ಕೂಲಂಟ್‌ನ ಉಷ್ಣಾಂಶ ಬರುವುದು ಹಾಗೆಯೇ, ಓದುವವರು ನಲವತ್ತು ಕಳೆಯಬೇಕು. ಆದರೆ ಆ ನಲವತ್ತು ಪ್ರಮಾಣಗ್ರಂಥದಲ್ಲಿ ಅಚ್ಚಾಗಿರುವುದರಿಂದಲೇ ಯಾವ ಗ್ಯಾರೇಜಿನ ಯಂತ್ರವಾದರೂ ಅದನ್ನು ಓದಬಲ್ಲದು. ಅದನ್ನು ತಲೆಯಲ್ಲೇ ಇಟ್ಟುಕೊಂಡವನು ಕೆಲಸ ಬಿಟ್ಟರೆ ಸಂಖ್ಯೆಯೂ ಅವನ ಜೊತೆ ಹೋಗುತ್ತದೆ.

ಉಪಕರಣಗಳ ಕೈಪಿಡಿ ಅನುವಾದಿಸುವವಳಾಗಿ ನನಗೆ ಎದ್ದು ಕಾಣುವುದು ಈ ಕೊರತೆ. ಗುಂಡಿ ಒತ್ತುವುದಕ್ಕೆ ಹತ್ತು ಪುಟ ಇರುತ್ತದೆ, ಒಳಗೆ ಬರೆದಿಟ್ಟದ್ದನ್ನು ಓದುವುದಕ್ಕೆ ಒಂದು ಸಾಲೂ ಇರುವುದಿಲ್ಲ. ಬೇಕಿರುವುದು ದೊಡ್ಡದೇನಲ್ಲ. ಚಿಪ್‌ನ ಮೊದಲ ಹತ್ತು ಹನ್ನೆರಡು ಬೈಟ್‌ಗಳಲ್ಲಿ ಆವೃತ್ತಿ, ಸಂಖ್ಯೆಯ ಅಗಲ, ಚಿಹ್ನೆ ಉಂಟೋ ಇಲ್ಲವೋ, ಬೈಟ್‌ಗಳ ಕ್ರಮ, ಅಳತೆಯ ಪ್ರಮಾಣ, ಈವರೆಗೆ ಎಷ್ಟು ದಾಖಲೆ ಬರೆದಿದೆ ಎಂಬ ಎಣಿಕೆ. ಎಣಿಕೆ ಇದ್ದರೆ ಖಾಲಿ ಮನೆಯನ್ನು ಮೈನಸ್ ಒಂದೆಂದು ಯಾರೂ ಓದುವುದಿಲ್ಲ. ಅದೇ ವಿವರ ಕೈಪಿಡಿಯಲ್ಲಿ ಒಂದು ಪಟ್ಟಿಯಾಗಿ, ಬಳಸುವವರ ಭಾಷೆಯಲ್ಲಿ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಯಂತ್ರಗಳಿಗಾದರೂ ಟೆಂಡರಿನಲ್ಲೇ ಇದನ್ನು ಷರತ್ತಾಗಿ ಸೇರಿಸಬೇಕು. 32,768 ಬೈಟ್‌ಗಳಲ್ಲಿ ಹನ್ನೆರಡನ್ನು ಓದುವವರಿಗಾಗಿ ತೆಗೆದಿಡುವುದು ಯಾರಿಗೂ ಭಾರವಾಗದು.